ತಿದ್ದಬೇಡಿ, ದುರಸ್ತಿ ಮಾಡಿ



ಮನೆಯಲ್ಲಿ ಕೈಯಾರೆ ತಯಾರಿಸಿದ ಹಳೆಯ ಡಿಜಿಟಲ್ ಗಡಿಯಾರಗಳನ್ನು ಕೂಡಿಡುವ, ಕೆಟ್ಟು ನಿಂತವುಗಳನ್ನು ಮತ್ತೆ ನಡೆಯುವಂತೆ ಮಾಡುವ ಹವ್ಯಾಸವೊಂದು ನಿವೃತ್ತಿಯ ತರುವಾಯ ನನಗೆ ಅಂಟಿಕೊಂಡಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಅದು ತಿಳಿದಿರುವುದರಿಂದಲೇ ಈಚೆಗೆ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. “ಸಾರ್, ಅಪ್ಪ ಮಾಡಿದ ಗಡಿಯಾರ ಅಟ್ಟದ ಮೇಲೆ ಸಿಕ್ಕಿತು. ಏನು ಮಾಡಲಿ? ಒಳಗಿನದೆಲ್ಲ ತೆಗೆದು ಹೊಸದು ಹಾಕಿಸಿಬಿಡಲೇ?” ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದರ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತಿನಲ್ಲಿ ಹೇಳಿಬಿಡುವುದಾದರೆ: ಅಂತಹ ಗಡಿಯಾರವನ್ನು ಉಳಿಸಿಕೊಳ್ಳಿ, ದುರಸ್ತಿ ಮಾಡಿ, ಆದರೆ ದಯಮಾಡಿ ತಿದ್ದಬೇಡಿ. ದುರಸ್ತಿಗೂ ತಿದ್ದುವುದಕ್ಕೂ ಇರುವ ಅಂತರವೇ ಈ ಬರಹದ ವಿಷಯ.

ಯಾವ ಗಡಿಯಾರವನ್ನು ಕುರಿತು ಹೇಳುತ್ತಿದ್ದೇನೆಂಬುದು ಕಿರಿಯರಿಗೆ ತಿಳಿಯಲೆಂದು ಸ್ವಲ್ಪ ವಿವರಿಸುತ್ತೇನೆ. 1970 ಮತ್ತು 80ರ ದಶಕಗಳಲ್ಲಿ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದವರು ಬಿಡಿಭಾಗಗಳನ್ನು ಕೊಂಡುತಂದು, ಬೆಸುಗೆ ಹಾಕಿ, ಅಂಕಿಗಳಲ್ಲಿ ಕಾಲವನ್ನು ತೋರಿಸುವ ಯಂತ್ರವೊಂದನ್ನು ತಾವೇ ಕಟ್ಟುತ್ತಿದ್ದರು. ಬೆಂಗಳೂರಿನ ಬಿಇಎಲ್, ಐಟಿಐ, ಎಚ್‌ಎಎಲ್ ಮೊದಲಾದ ಕಾರ್ಖಾನೆಗಳ ನೌಕರರು, ಪಾಲಿಟೆಕ್ನಿಕ್ ಹುಡುಗರು, ರೇಡಿಯೊ ರಿಪೇರಿಯವರು, ನನ್ನಂತಹ ವಿಜ್ಞಾನದ ಮೇಷ್ಟರುಗಳು, ಹೀಗೆ ನಾನಾ ಬಗೆಯವರು ಆ ಕೆಲಸದಲ್ಲಿ ತೊಡಗಿದ್ದರು. ಗಡಿಯಾರದ ಗೂಡು ಒಬ್ಬರಲ್ಲಿ ತೇಗದ ಪೆಟ್ಟಿಗೆ, ಇನ್ನೊಬ್ಬರಲ್ಲಿ ಅಲ್ಯೂಮಿನಿಯಂ ತಗಡು, ಮತ್ತೊಬ್ಬರಲ್ಲಿ ಬಿಸ್ಕತ್ತಿನ ಡಬ್ಬ. ಮುಂದುಗಡೆ ಕೆಂಪು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ಕೆಂಡದಂತೆ ಹೊಳೆಯುವ ನಾಲ್ಕೋ ಆರೋ ಅಂಕಿಗಳು. ಮನೆಗೆ ಬಂದ ನೆಂಟರೆಲ್ಲ ಕಾಫಿ ಲೋಟ ಕೈಯಲ್ಲಿ ಹಿಡಿದು ಅದರ ಮುಂದೆ ಒಂದು ನಿಮಿಷ ನಿಂತೇ ಹೋಗುತ್ತಿದ್ದ ಕಾಲವದು!

ಜನ ಗಡಿಯಾರವನ್ನೇ ಏಕೆ ಕಟ್ಟುತ್ತಿದ್ದರು? ಮೊದಲ ಕಾರಣ ಹಣ. ಅಮೆರಿಕದ ಹ್ಯಾಮಿಲ್ಟನ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ‘ಪಲ್ಸರ್’ ಎಂಬ ಡಿಜಿಟಲ್ ಕೈಗಡಿಯಾರದ ಬೆಲೆ 2,100 ಡಾಲರ್. (ಚಿನ್ನದ ಕವಚವಿತ್ತೆನ್ನಿ!) ಅಂಕಿಗಳಲ್ಲಿ ಹೊಳೆಯುವ ಕಾಲವೆಂಬುದು ಶ್ರೀಮಂತರ ಸೊತ್ತಾಗಿತ್ತು. ಆದರೆ 1976ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 20 ಡಾಲರಿಗೂ ಒಳಗಿನ ಬೆಲೆಯಲ್ಲಿ ಪ್ಲಾಸ್ಟಿಕ್ ಕವಚದ ಡಿಜಿಟಲ್ ವಾಚನ್ನು ಮಾರತೊಡಗಿತು. ಅಂದರೆ, ಕೊಳ್ಳುವುದಕ್ಕಿಂತ ಕಟ್ಟುವುದೇ ಅಗ್ಗವೆಂಬ ಕಾಲ ಅಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ಮುಗಿದುಹೋಯಿತು. ವಿದೇಶಿ ಸರಕು ಸುಲಭವಾಗಿ ದೊರೆಯದಿದ್ದ ನಮ್ಮಲ್ಲಿ ಆ ಕಾಲ ಎಂಬತ್ತರ ದಶಕದವರೆಗೂ ಹಿಗ್ಗಿತು.

ಎರಡನೆಯ ಕಾರಣ ಹಣಕ್ಕಿಂತ ದೊಡ್ಡದು. ಎಣಿಸುವುದು, ಭಾಗಿಸುವುದು, ನೆನಪಿಟ್ಟುಕೊಳ್ಳುವುದು, ತೋರಿಸುವುದು, ಇವು ಗಣಕಯಂತ್ರದ ಮೂಲಪಾಠಗಳು. ಗಡಿಯಾರದಲ್ಲಿ ಇವೆಲ್ಲವೂ ಉಂಟು. ಅದನ್ನು ಕಟ್ಟಿ ನಡೆಯಿಸಿದವನು ಆ ವಿದ್ಯೆಯ ಬಾಗಿಲು ದಾಟಿದಂತೆ. 1969ರಲ್ಲಿ ಆರಂಭವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಕೈಯಿಂದ ಕೈಗೆ ದಾಟುತ್ತ ಅಂಚು ಸವೆದು ಬರುತ್ತಿದ್ದವು. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಕಾಶಿ. ಊರಿನಿಂದ ಬಸ್ಸಿನಲ್ಲಿ ಹೋಗಿ, ಅಂಗಡಿಯಿಂದ ಅಂಗಡಿಗೆ ಅಲೆದು, ಚೀಟಿಯಲ್ಲಿ ಬರೆದುಕೊಂಡ ಐಸಿಗಳಲ್ಲಿ ಅರ್ಧದಷ್ಟನ್ನು ಮಾತ್ರ ಕೊಂಡು, ಉಳಿದರ್ಧಕ್ಕೆ ಮುಂದಿನ ತಿಂಗಳ ಸಂಬಳ ಕಾಯುತ್ತಿದ್ದವರನ್ನು ನಾನು ಬಲ್ಲೆ.

ಹಲಗೆಯನ್ನೂ ಮನೆಯಲ್ಲೇ ತಯಾರಿಸಬೇಕಾಗಿತ್ತು. ತಾಮ್ರದ ತೆಳುಪದರ ಅಂಟಿಸಿದ ಹಲಗೆಯ ಮೇಲೆ, ವಿದ್ಯುತ್ತು ಹರಿಯಬೇಕಾದ ದಾರಿಗಳನ್ನು ಎನಾಮಲ್ ಬಣ್ಣದಿಂದಲೋ ಅಕ್ಕತಂಗಿಯರ ಉಗುರುಬಣ್ಣದಿಂದಲೋ ಎಳೆಯುವುದು. ಬಣ್ಣ ಒಣಗಿದ ಮೇಲೆ ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ, ಬಣ್ಣದ ಮರೆಯಿಲ್ಲದ ತಾಮ್ರವೆಲ್ಲ ಕರಗಿಹೋಗಿ ಗೆರೆಗಳಷ್ಟೇ ಉಳಿಯುತ್ತವೆ. ಅಂತಹ ಹಲಗೆಯನ್ನು ಮಗುಚಿ ನೋಡಿದರೆ ಅದು ಒಬ್ಬರ ಕೈಬರಹ. ಅನುಮಾನ ಬಂದಲ್ಲಿ ಗೆರೆ ದಪ್ಪಗಾಗಿರುತ್ತದೆ, ಜಾಗ ಸಾಲದಲ್ಲಿ ಸಣಕಲಾಗಿರುತ್ತದೆ, ಒಂದು ಗೆರೆ ಇನ್ನೊಂದನ್ನು ದಾಟಲೇಬೇಕಾದಲ್ಲಿ ತುಂಡು ತಂತಿಯ ಸೇತುವೆಯಿರುತ್ತದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉತ್ತರಪತ್ರಿಕೆಗಳನ್ನು ನೋಡಿದ ನನಗೆ, ಹಲಗೆಯ ಹಿಂಬದಿ ನೋಡಿದೊಡನೆ ಕಟ್ಟಿದಾತ ಅವಸರದವನೋ ಸಮಾಧಾನಿಯೋ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಇನ್ನು ಒಳಗಿನ ಲೆಕ್ಕಾಚಾರ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಆ ಆವರ್ತನೆಯನ್ನೇ ಲೋಲಕವಾಗಿ ಬಳಸಿಕೊಳ್ಳುವುದು ಅಂದಿನ ಸುಲಭ ಉಪಾಯ. 7490 ಎಂಬ ಐಸಿ ಹತ್ತರವರೆಗೆ ಎಣಿಸಬಲ್ಲದು. ಅದರೊಳಗೆ ಎರಡರಿಂದ ಭಾಗಿಸುವ ಒಂದು ಭಾಗ, ಐದರಿಂದ ಭಾಗಿಸುವ ಇನ್ನೊಂದು ಭಾಗ ಇವೆ. 50ನ್ನು ಮೊದಲು ಐದರಿಂದ, ಆಮೇಲೆ ಹತ್ತರಿಂದ ಭಾಗಿಸಿದರೆ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಆ ಮಿಡಿತಗಳನ್ನು ಅರುವತ್ತರಂತೆ ಎಣಿಸಿದರೆ ನಿಮಿಷ, ಮತ್ತೆ ಅರುವತ್ತರಂತೆ ಎಣಿಸಿದರೆ ಗಂಟೆ. ಪ್ರತಿಯೊಂದು ಅಂಕಿಗೂ ಎಣಿಸುವ ಐಸಿ ಒಂದು, ಆ ಎಣಿಕೆಯನ್ನು ಏಳು ಗೆರೆಗಳ ಅಂಕಿಯಾಗಿ ಬೆಳಗಿಸಲು 7447 ಎಂಬ ಐಸಿ ಇನ್ನೊಂದು. ಆರಂಕಿಯ ಗಡಿಯಾರಕ್ಕೆ ಹದಿನೈದರ ಆಸುಪಾಸು ಐಸಿಗಳು ಬೇಕಾಗುತ್ತಿದ್ದವು. ಇಡೀ ಯಂತ್ರ 5 ವೋಲ್ಟಿನಲ್ಲಿ ಒಂದು ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಕುಡಿದು, ಚಳಿಗಾಲದಲ್ಲಿ ಬೆಕ್ಕು ಬಂದು ಮೇಲೆ ಮಲಗುವಷ್ಟು ಬೆಚ್ಚಗಾಗುತ್ತಿತ್ತು.

ಅರುವತ್ತಾದೊಡನೆ ಸೊನ್ನೆಗೆ ಮರಳುವುದು ಹೇಗೆ? ಇಲ್ಲೊಂದು ಸೊಗಸಿದೆ. 7490ಕ್ಕೆ ‘ಸೊನ್ನೆಗೆ ಮರಳು’ ಎಂದು ಹೇಳುವ ಕಾಲುಗಳು ಎರಡು. ಎರಡಕ್ಕೂ ಏಕಕಾಲದಲ್ಲಿ ಸಂಕೇತ ಬಂದರೆ ಮಾತ್ರ ಅದು ಕೇಳುತ್ತದೆ. ದ್ವಿಮಾನ ಪದ್ಧತಿಯಲ್ಲಿ ಆರು ಎಂದರೆ ನಾಲ್ಕು ಮತ್ತು ಎರಡರ ಕೂಟ. ಹತ್ತರ ಸ್ಥಾನದ ಐಸಿಯ ‘ನಾಲ್ಕು’ ಮತ್ತು ‘ಎರಡು’ ಎಂಬ ತಂತಿಗಳನ್ನು ಆ ಎರಡು ಕಾಲುಗಳಿಗೆ ಜೋಡಿಸಿದರೆ, ಆರು ಬಂದ ಕ್ಷಣವೇ ಅದು ತಾನಾಗಿ ಸೊನ್ನೆಯಾಗುತ್ತದೆ. ಗಂಟೆಗೂ ಇದೇ ಉಪಾಯ: ಹತ್ತರ ಸ್ಥಾನದ ‘ಎರಡು’, ಬಿಡಿ ಸ್ಥಾನದ ‘ನಾಲ್ಕು’ ಕೂಡಿದರೆ 24. ಹೆಚ್ಚಿನ ಐಸಿಯೇ ಬೇಡ, ಎರಡು ತುಂಡು ತಂತಿ ಸಾಕು. ಆದರೆ ಹನ್ನೆರಡು ಗಂಟೆಯ ಗಡಿಯಾರ ಕಟ್ಟಹೊರಟರೆ ತೊಡಕು. ಹನ್ನೆರಡಾದ ಮೇಲೆ ಒಂದು ಬರಬೇಕು. 7490ನ್ನು ಸೊನ್ನೆಗೆ ಕಳಿಸಬಹುದು, ಒಂಬತ್ತಕ್ಕೆ ಕಳಿಸಬಹುದು, ಒಂದಕ್ಕೆ ನೇರವಾಗಿ ಕಳಿಸುವಂತಿಲ್ಲ! ಮನೆಯಲ್ಲಿ ಕಟ್ಟಿದ ಹಳೆಯ ಗಡಿಯಾರಗಳು ಮಧ್ಯಾಹ್ನ ಊಟದ ಹೊತ್ತಿಗೆ ‘ಹದಿಮೂರು ಗಂಟೆ’ ಎಂದು ರೈಲ್ವೆ ಟೈಮನ್ನು ತೋರಿಸುತ್ತಿದ್ದುದಕ್ಕೆ ಬಹಳ ಸಲ ಕಾರಣ ಇಷ್ಟೇ. ಅಜ್ಜಿಯಂದಿರು ಇದನ್ನು ಕಂಡು ಗೊಣಗಿದ್ದು, ಮೊಮ್ಮಕ್ಕಳು ಹನ್ನೆರಡನ್ನು ಕಳೆಯುವ ಲೆಕ್ಕವನ್ನು ಅಲ್ಲಿಯೇ ಕಲಿತದ್ದು ನಮ್ಮ ಮನೆತನಗಳ ಇತಿಹಾಸಕ್ಕೆ ಸೇರಿದ ಮಾತು.

ಇಷ್ಟು ಪೀಠಿಕೆ ಸಾಕು. ಈಗ ತಕರಾರಿಗೆ ಬರೋಣ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆ ಕಟ್ಟಿದ ಗಡಿಯಾರವನ್ನು ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ಬಂದ. ಇಬ್ಬರೂ ಕೂತು ಅದನ್ನು ನಡೆಯುವಂತೆ ಮಾಡಿದೆವು. ಅಂಕಿಗಳು ಹೊತ್ತಿಕೊಂಡವು. ಅವನ ಕಣ್ಣು ತುಂಬಿತು. ಒಡನೆಯೇ ಹುಬ್ಬು ಗಂಟಾಯಿತು.

“ಸಾರ್, ಈ ಆರಕ್ಕೆ ತಲೆಯೇ ಇಲ್ಲವಲ್ಲ! ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರದ ಹಾಗೆ ಕಾಣುತ್ತದೆ. ಒಂಬತ್ತಕ್ಕೆ ಬಾಲವೂ ಇಲ್ಲ. ಐಸಿ ಬದಲಾಯಿಸಿದರೆ ಸರಿಹೋಗುತ್ತಲ್ಲವೇ?”

“ಸರಿಹೋಗುತ್ತಪ್ಪ. ಆದರೆ ಅದು ಕೆಟ್ಟಿಲ್ಲ,” ಎಂದೆ.

ಆ ಆರು ಅಂದಿನ ಆರು. 7447 ಎಂಬ ಐಸಿ ಆರನ್ನು ಮೇಲಿನ ಅಡ್ಡಗೆರೆಯಿಲ್ಲದೆ, ಒಂಬತ್ತನ್ನು ಕೆಳಗಿನ ಅಡ್ಡಗೆರೆಯಿಲ್ಲದೆ ಬರೆಯುತ್ತದೆ. ಆಮೇಲೆ ಬಂದ 74247 ಎಂಬ ಐಸಿ ತಲೆ ಬಾಲಗಳನ್ನು ಸೇರಿಸಿತು. ಎರಡರ ಕಾಲುಗಳೂ ಒಂದೇ ಕ್ರಮದಲ್ಲಿರುವುದರಿಂದ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಅಷ್ಟು ಸುಲಭವಾಗಿರುವುದರಿಂದಲೇ ಅಪಾಯ ಹೆಚ್ಚು. ಬೋಳು ತಲೆಯ ಆ ಆರನ್ನು ನೋಡಿದೊಡನೆ, ಬಲ್ಲವರು ಆ ಗಡಿಯಾರ ಯಾವ ಕಾಲದ್ದು, ಯಾವ ಬಗೆಯ ಐಸಿಗಳಿಂದ ಕಟ್ಟಿದ್ದು ಎಂದು ಪೆಟ್ಟಿಗೆ ಬಿಚ್ಚದೆಯೇ ಊಹಿಸಬಲ್ಲರು. ತಲೆ ಕೂಡಿಸಿದೆವೋ, ಆ ಸಾಕ್ಷ್ಯ ಅಳಿಸಿಹೋಯಿತು.

ಕನ್ನಡ ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಶಾಸನಗಳಲ್ಲಿ ಕಲ್ಲು ಕಂಡರಿಸಿದವನು ಅಕ್ಷರ ಬಿಟ್ಟಿರುತ್ತಾನೆ, ಒತ್ತು ತಪ್ಪಿರುತ್ತಾನೆ. ಅಂತಹ ಶಾಸನವನ್ನು ಕಂಡ ವಿದ್ವಾಂಸರು ಉಳಿ ಹಿಡಿದು ಕಲ್ಲನ್ನು ತಿದ್ದುವುದುಂಟೆ? ಇದ್ದುದನ್ನು ಇದ್ದಂತೆ ಪ್ರತಿ ಮಾಡಿ, ತಮಗೆ ತೋರಿದ ಶುದ್ಧಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ನಮ್ಮ ಗ್ರಂಥಸಂಪಾದನೆಯ ಶಿಸ್ತೂ ಇದೇ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ನುಣುಪಾದ ಟೈಲ್ಸ್ ಹಾಸಿದ ಗುಡಿಗಳನ್ನೂ ನೀವು ನೋಡಿದ್ದೀರಿ. ಭಕ್ತಿಯಲ್ಲಿ ಕೊರತೆಯಿಲ್ಲ, ಉದ್ಧಾರವಾದದ್ದರಲ್ಲಿ ಹಳೆಯ ಶಿಲ್ಪಿ ಮಾತ್ರ ಕಾಣೆ. ತಂದೆಯ ಗಡಿಯಾರದ ಒಳಗಿನದನ್ನೆಲ್ಲ ತೆಗೆದು, ಬೆರಳುಗುರಿನಷ್ಟು ದೊಡ್ಡ ಮೈಕ್ರೊಕಂಟ್ರೋಲರೊಂದನ್ನು ಕೂರಿಸಿ, ಹೊರಗಿನ ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಳ್ಳುವವರು ಮಾಡುವುದೂ ಅಂತಹುದೇ ಉದ್ಧಾರ.

ಆ ವಿದ್ಯಾರ್ಥಿ ಸುಮ್ಮನಿರುವವನಲ್ಲ. ತರಗತಿಯಲ್ಲಿಯೂ ಹಾಗೆಯೇ ಇದ್ದ. “ಸಾರ್, ನಮ್ಮಪ್ಪ ಇದನ್ನು ವರ್ಷವರ್ಷವೂ ಬಿಚ್ಚಿ ಏನಾದರೊಂದು ಬದಲಾಯಿಸುತ್ತಲೇ ಇದ್ದರು. ಆ ಹೊಸ ಐಸಿ ಕೈಗೆ ಸಿಕ್ಕಿದ್ದರೆ ಅವರೇ ಹಾಕುತ್ತಿದ್ದರು. ಅವರು ಮಾಡಬಹುದಾಗಿದ್ದನ್ನು ನಾನು ಮಾಡಿದರೆ ತಪ್ಪೇನು?” ಎಂದ.

ಇದು ತೂಕದ ಆಕ್ಷೇಪಣೆ. ನನ್ನ ನಿಲುವಿಗೆ ವಿರೋಧವಾಗಿ ನಾನು ಕೇಳಿರುವ ಮಾತುಗಳಲ್ಲಿ ಇದಕ್ಕಿಂತ ಬಲವಾದದ್ದಿಲ್ಲ. ಮನೆಯಲ್ಲಿ ಕಟ್ಟಿದ ಗಡಿಯಾರ ಎಂದೂ ‘ಮುಗಿದ’ ವಸ್ತುವಾಗಿರಲಿಲ್ಲ ಎಂಬುದು ದಿಟ. ಆದರೂ ನನ್ನ ಉತ್ತರ ಹೀಗಿದೆ. ವಿದ್ಯಾರ್ಥಿ ತನ್ನ ನೋಟ್‌ಬುಕ್ಕಿನಲ್ಲಿ ತಾನೇ ಹೊಡೆದುಹಾಕಿ ಬರೆದುಕೊಂಡದ್ದು ಅವನ ಕಲಿಕೆಯ ಹೆಜ್ಜೆ. ನಾವು ಮೇಷ್ಟರುಗಳು ಕೆಂಪು ಶಾಯಿಯಲ್ಲಿ ತಿದ್ದಿದ್ದು ಸಹ ಅವನು ಕಲಿಯುತ್ತಿರುವಾಗ, ಅವನ ಕಣ್ಣಮುಂದೆ, ಅವನಿಗಾಗಿ. ಅವನು ಶಾಲೆ ಬಿಟ್ಟುಹೋದ ಎಷ್ಟೋ ವರ್ಷಗಳ ನಂತರ ಅದೇ ನೋಟ್‌ಬುಕ್ಕನ್ನು ತೆರೆದು, ಅವನ ಅಕ್ಷರಗಳನ್ನು ಒರೆಸಿ, ಸರಿಯುತ್ತರವನ್ನು ಮುದ್ದಾಗಿ ಬರೆದಿಟ್ಟರೆ ಯಾರಿಗೇನು ಕಲಿಸಿದಂತಾಯಿತು? ತಿದ್ದುವುದು ಕಲಿಯುವವನಿಗೆ ಸಲ್ಲುವ ಸೇವೆ. ಕಲಿತವನು ಹೋದ ಮೇಲೆ ಉಳಿಯುವ ಪುಸ್ತಕವನ್ನು ಓದಬೇಕು, ಕಾಪಾಡಬೇಕು, ಅದರಲ್ಲಿ ಬರೆಯಬಾರದು. ನಿನಗೆ ಹೊಸ ಐಸಿಯ ಗಡಿಯಾರ ಬೇಕಿದ್ದರೆ ನೀನೊಂದು ಕಟ್ಟು, ನಿನ್ನಪ್ಪನ ಪಕ್ಕದಲ್ಲಿಡು ಎಂದೆ. ಒಪ್ಪಿದನೋ ಇಲ್ಲವೋ ತಿಳಿಯದು; ಆರು ಮಾತ್ರ ಬೋಳಾಗಿಯೇ ಅವನ ಮನೆಗೆ ಹೋಯಿತು.

ಎರಡನೆಯ ತಕರಾರು ಕಾಲದ ನಿಖರತೆಯದು. “ದಿನಕ್ಕಿಷ್ಟು ಹಿಂದೆ ಬೀಳುವ ಗಡಿಯಾರವನ್ನು ಇಟ್ಟುಕೊಂಡು ಏನು ಪ್ರಯೋಜನ?” ಇದಕ್ಕೆ ಉತ್ತರಿಸಬೇಕಾದರೆ ನಮ್ಮ ನಾಡಿನ ವಿದ್ಯುತ್ತಿನ ಕಥೆಯನ್ನು ಸ್ವಲ್ಪ ಹೇಳಬೇಕು.

ವಿದ್ಯುತ್ತಿನ ಆವರ್ತನೆಯನ್ನು ನಂಬಿ ನಡೆಯುವ ಗಡಿಯಾರ, ಆ ಆವರ್ತನೆ ಎಷ್ಟು ನಿಷ್ಠವೋ ಅಷ್ಟೇ ನಿಷ್ಠ. ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ಜನರೇಟರುಗಳ ವೇಗ ತಗ್ಗಿ ಆವರ್ತನೆ ಇಳಿಯುತ್ತದೆ. 1990ರ ದಶಕದಲ್ಲಿ ದಕ್ಷಿಣದ ಜಾಲದಲ್ಲಿ ಅದು 48.5ಕ್ಕಿಂತಲೂ ಕೆಳಗಿಳಿಯುತ್ತಿದ್ದುದುಂಟು. 48.5 ಎಂದರೆ ನೂರಕ್ಕೆ ಮೂರು ಪಾಲು ಕಡಿಮೆ. ಹಾಗೆಯೇ ಒಂದು ಗಂಟೆ ನಡೆದರೆ ಗಡಿಯಾರ 1 ನಿಮಿಷ 48 ಸೆಕೆಂಡು ಹಿಂದೆ; ಇಡೀ ದಿನ ನಡೆದರೆ 43 ನಿಮಿಷ! ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ ‘ಪೀಂ ಪೀಂ’ ಸದ್ದಿಗೆ ಗಡಿಯಾರ ಸರಿಪಡಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಿತ್ಯಕರ್ಮವಾಗಿತ್ತು. ಗಡಿಯಾರ ತಡವಾಗಿದೆ ಎಂದರೆ ಆ ದಿನ ನಾಡಿನಲ್ಲಿ ವಿದ್ಯುತ್ತು ಸಾಲದಾಗಿದೆ ಎಂದೇ ಅರ್ಥ. ಪಂಪುಸೆಟ್ಟುಗಳ ಬೇಸಗೆ ಗೋಡೆಯ ಮೇಲಿನ ಅಂಕಿಗಳಲ್ಲಿ ಕಾಣಿಸುತ್ತಿತ್ತು.

2003ರ ಜನವರಿಯಲ್ಲಿ ದಕ್ಷಿಣ ವಲಯದಲ್ಲಿ ವಿದ್ಯುತ್ ದರದ ಹೊಸ ಪದ್ಧತಿ ಜಾರಿಗೆ ಬಂದಿತು. ಆವರ್ತನೆ ಇಳಿದಿರುವಾಗ ತನ್ನ ಪಾಲಿಗಿಂತ ಹೆಚ್ಚು ಸೆಳೆದುಕೊಳ್ಳುವವರು ಹೆಚ್ಚು ದರ ತೆರಬೇಕೆಂಬುದು ಅದರ ತಿರುಳು. ಆವರ್ತನೆ ಬಹಳಮಟ್ಟಿಗೆ ಹದಕ್ಕೆ ಬಂದಿತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಎಳೆದ 765 ಕಿಲೊವೋಲ್ಟಿನ ತಂತಿಯ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ನಾಡಿಮಿಡಿತ. ಈಗ ಆವರ್ತನೆ 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. ತೊಂಬತ್ತರ ದಶಕದಲ್ಲಿ ಮನೆಮಂದಿಯ ಬೈಗುಳ ತಿಂದು ಅಟ್ಟ ಸೇರಿದ ಗಡಿಯಾರವನ್ನು ಇಂದು ಇಳಿಸಿ ಪ್ಲಗ್ ಚುಚ್ಚಿದರೆ, ಒಳಗೊಂದು ಬಿಡಿಭಾಗವನ್ನೂ ಮುಟ್ಟದೆ ಅದು ಎಷ್ಟೋ ಸರಿಯಾಗಿ ನಡೆಯುತ್ತದೆ! ಅಂದು ಕೆಟ್ಟದ್ದು ಗಡಿಯಾರವಾಗಿರಲಿಲ್ಲ.

ಇದು ಬಡದೇಶದ ಪಾಡು ಮಾತ್ರವೆಂದು ಭಾವಿಸಬೇಡಿ. 2018ರ ಆರಂಭದಲ್ಲಿ ಕೊಸೊವೊ ಮತ್ತು ಸೆರ್ಬಿಯಾಗಳ ನಡುವಣ ಜಗಳದಿಂದಾಗಿ ಜಾಲಕ್ಕೆ ಸಲ್ಲಬೇಕಾದ ವಿದ್ಯುತ್ತು ಸಲ್ಲದೆ, ಯುರೋಪ್ ಖಂಡದ ಹಲವಾರು ದೇಶಗಳಲ್ಲಿ ಆವರ್ತನೆ ಕೂದಲೆಳೆಯಷ್ಟು ಇಳಿಯಿತು. ಸರಾಸರಿ 50ರ ಬದಲು 49.996. ಆ ಕೂದಲೆಳೆಯೇ ಜನವರಿಯ ನಡುವಿನಿಂದ ಮಾರ್ಚಿಯ ಆರಂಭದವರೆಗೆ ಕೂಡಿಕೊಂಡು, ಒಲೆಗಳ ಮೇಲಿನ ಗಡಿಯಾರಗಳೂ ಅಲಾರಂ ರೇಡಿಯೊಗಳೂ ಸುಮಾರು ಆರು ನಿಮಿಷ ಹಿಂದೆಬಿದ್ದವು. ಎಲ್ಲೋ ನಡೆದ ರಾಜಕೀಯ ಜಗಳವನ್ನು ನೂರಾರು ಮೈಲಿ ಆಚೆಯ ಅಡುಗೆಮನೆಯ ಗಡಿಯಾರ ವರದಿ ಮಾಡಿತು. ಇಂತಹ ಗಡಿಯಾರಕ್ಕೆ ಕ್ವಾರ್ಟ್ಸ್ ಹರಳು ಕೂರಿಸಿದರೆ ಕಾಲ ನಿಖರವಾಗುವುದು ನಿಜ. ಅದು ಹೇಳುತ್ತಿದ್ದ ಇನ್ನೊಂದು ಸುದ್ದಿ ನಿಂತುಹೋಗುವುದೂ ನಿಜ. ನಿಖರ ಸಮಯ ಬೇಕೆನ್ನುವವರ ಜೇಬಿನಲ್ಲಿ ಮೊಬೈಲ್ ಇದ್ದೇ ಇದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮ ಕಡೆಯ ಎಷ್ಟೋ ಗಡಿಯಾರಗಳಲ್ಲಿ ಕಟ್ಟಿದವರೇ ಮುಂದೆ ಕ್ವಾರ್ಟ್ಸ್ ಹರಳನ್ನು ಸೇರಿಸಿರುತ್ತಾರೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಆ ಹರಳಿನ ಲೆಕ್ಕವನ್ನು ಎರಡರಿಂದ ಹದಿನೈದು ಸಲ ಭಾಗಿಸಿದರೆ ಸರಿಯಾಗಿ ಒಂದು ಬರುತ್ತದೆ. (ಎರಡರ ಹದಿನೈದನೆಯ ಘಾತ. ಪಾಠ ಮರೆತಿಲ್ಲ ತಾನೇ?) ಕರೆಂಟು ಹೋದರೆ ಎಣಿಕೆ ನಿಲ್ಲದಿರಲೆಂದು ಒಂಬತ್ತು ವೋಲ್ಟಿನ ಬ್ಯಾಟರಿಯನ್ನೂ ಕಟ್ಟಿರುತ್ತಾರೆ. ಮೂಲ ಹಲಗೆಯ ಪಕ್ಕದಲ್ಲಿ ಬೇರೆ ಬಣ್ಣದ ತಂತಿಗಳಿಂದ ತೂಗುಹಾಕಿದ ಆ ಸಣ್ಣ ಹಲಗೆಯನ್ನು ಕಂಡು, “ಇದು ಮೂಲದ್ದಲ್ಲ” ಎಂದು ಕಿತ್ತೊಗೆಯುವ ಶುದ್ಧಿವಾದಿಗಳೂ ಇದ್ದಾರೆ. ಅದೂ ತಿದ್ದುವುದೇ! ಕರೆಂಟಿನ ಕಣ್ಣುಮುಚ್ಚಾಲೆಗೆ ಬೇಸತ್ತು ಒಂದು ರಾತ್ರಿ ಕೂತು ಮಾಡಿದ ಆ ಸೇರ್ಪಡೆ, ಹಸ್ತಪ್ರತಿಯ ಅಂಚಿನಲ್ಲಿ ಕವಿಯೇ ಬರೆದಿಟ್ಟ ಪಾಠಾಂತರದಷ್ಟು ಬೆಲೆಯುಳ್ಳದ್ದು.

ಮೂರನೆಯದಾಗಿ ಸಂಗ್ರಾಹಕರನ್ನು ಕುರಿತು ಒಂದು ಕಟುಮಾತು. ಎಲ್‌ಇಡಿಗಿಂತ ಮುಂಚಿನದು ನಿಕ್ಸಿ ಎಂಬ ಗಾಜಿನ ಕೊಳವೆ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಅದನ್ನು ಪ್ರಚಾರಕ್ಕೆ ತಂದಿತು. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ತಂತಿಯಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ; ಸುಮಾರು 170 ವೋಲ್ಟ್ ಹರಿಸಿದಾಗ ಬೇಕಾದ ಅಂಕಿಯ ಸುತ್ತ ನಿಯಾನ್ ಅನಿಲ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ನೋಡಲು ಬಲು ಚೆಲುವು. ಆ ಚೆಲುವೇ ಅದಕ್ಕೆ ಮುಳುವಾಗಿದೆ. ಹೊಸ ಅಲಂಕಾರದ ಗಡಿಯಾರಗಳಿಗೆ ಕೊಳವೆ ಬೇಕೆಂದು, ಸುಸ್ಥಿತಿಯಲ್ಲಿದ್ದ ಹಳೆಯ ಅಳತೆಯ ಉಪಕರಣಗಳನ್ನೂ ಹವ್ಯಾಸಿಗಳು ಕಟ್ಟಿದ ಯಂತ್ರಗಳನ್ನೂ ಒಡೆದು, ಕೊಳವೆ ಕಿತ್ತುಕೊಂಡು, ಉಳಿದುದನ್ನು ಕಸಕ್ಕೆಸೆಯುವ ವ್ಯಾಪಾರ ಜಗತ್ತಿನಾದ್ಯಂತ ನಡೆದಿದೆ. ದಂತಕ್ಕಾಗಿ ಆನೆಯನ್ನು ಕೊಂದಂತೆ. ಚೆಕ್ ದೇಶದ ಡಾಲಿಬೋರ್ ಫಾರ್ನಿ ಎಂಬಾತ ಈ ಕೊಳವೆಗಳನ್ನು ಕೈಯಿಂದಲೇ ಹೊಸದಾಗಿ ತಯಾರಿಸುವ ವಿದ್ಯೆಯನ್ನು ಮರಳಿ ಸಾಧಿಸಿದ್ದಾರೆ. ಚೆಲುವಿನ ಆಸೆಯುಳ್ಳವರು ಹೊಸದನ್ನು ಕೊಳ್ಳಲಿ. ಹಳೆಯ ಯಂತ್ರಗಳನ್ನು ಬಿಟ್ಟುಬಿಡಲಿ.

ಹಾಗಾದರೆ ಏನನ್ನೂ ಬದಲಾಯಿಸಲೇಬಾರದೆ? ಹಾಗಲ್ಲ. ಪ್ರಾಣಕ್ಕೆ ಅಪಾಯವಾದದ್ದನ್ನು ಬದಲಾಯಿಸಲೇಬೇಕು, ಇದರಲ್ಲಿ ರಾಜಿಯಿಲ್ಲ. ಹಳೆಯ ಗಡಿಯಾರಗಳಲ್ಲಿ ಎರಡೆಳೆಯ ವೈರು, ಅರ್ಥಿಂಗ್ ಇಲ್ಲದ ತಗಡಿನ ಪೆಟ್ಟಿಗೆ, ಫ್ಯೂಸ್ ಇಲ್ಲದ ಟ್ರಾನ್ಸ್‌ಫಾರ್ಮರ್ ಸಾಮಾನ್ಯ. ವೈರಿನ ಹೊದಿಕೆ ಬಿಸ್ಕತ್ತಿನಂತೆ ಪುಡಿಯಾಗುತ್ತಿರುತ್ತದೆ. ಅಟ್ಟದಿಂದ ಇಳಿಸಿದೊಡನೆ ಪ್ಲಗ್ ಚುಚ್ಚುವ ಆತುರ ಬೇಡ. ಮೊದಲು ವೈರು ಬದಲಾಯಿಸಿ, ಫ್ಯೂಸ್ ಹಾಕಿಸಿ, ಪೆಟ್ಟಿಗೆಗೆ ಅರ್ಥಿಂಗ್ ಕೊಡಿಸಿ. ಗೊತ್ತಿಲ್ಲದವರು ಗೊತ್ತಿರುವವರಿಂದಲೇ ಮಾಡಿಸಿ. ಆಮೇಲೆ ಸಹಜವಾಗಿ ಮುಪ್ಪಾದ ಭಾಗಗಳು. ದೊಡ್ಡ ಕೆಪಾಸಿಟರ್‌ಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಅವನ್ನು ಬದಲಾಯಿಸದೆ ಗತಿಯಿಲ್ಲ. ಆದರೆ ಕಿತ್ತ ಪ್ರತಿಯೊಂದು ಭಾಗವನ್ನೂ ಚಿಕ್ಕ ಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ಏನು ಬದಲಾಯಿತು, ಯಾವ ತಾರೀಕು, ಯಾರು ಮಾಡಿದ್ದು ಎಂದು ಚೀಟಿ ಬರೆದು ಅಂಟಿಸಿ. ಮುಂದೆ ಬರುವವರು ನಿಮ್ಮ ಕೆಲಸವನ್ನು ಬಿಚ್ಚಿ ಹಿಂದಿನ ಸ್ಥಿತಿಗೆ ತರುವಂತಿರಬೇಕು. ಅಷ್ಟಿದ್ದರೆ ಅದು ದುರಸ್ತಿ.

ದುರಸ್ತಿಯಲ್ಲಿ ಕಲಿಯುವುದೂ ಬಹಳವಿದೆ. ಮಗು ಕೊಟ್ಟ ತಪ್ಪುತ್ತರದಿಂದಲೇ ಅದು ಎಲ್ಲಿ ಎಡವಿತೆಂದು ಮೇಷ್ಟರಿಗೆ ತಿಳಿಯುವಂತೆ, ಗಡಿಯಾರ ತಪ್ಪುವ ರೀತಿಯೇ ರೋಗದ ಗುರುತು. ಸೆಕೆಂಡು 59ರಿಂದ ಸೊನ್ನೆಗೆ ಮರಳದೆ 60, 61 ಎಂದು 99ರವರೆಗೆ ನಡೆದರೆ, ನಾನು ಮೇಲೆ ಹೇಳಿದ, ಸೊನ್ನೆಗೆ ಮರಳಿಸುವ ಏರ್ಪಾಡು ಕೆಟ್ಟಿದೆ. ಒಂದು ಅಂಕಿ ಮಾತ್ರ ಒಂದು ಗೆರೆಯಿಲ್ಲದೆ ಬೆಳಗಿದರೆ ಆ ಗೆರೆಯ ತಂತಿಯೋ ಎಲ್‌ಇಡಿಯೋ ಹೋಗಿದೆ. ಫ್ರಿಜ್ ಶುರುವಾದಾಗಲೆಲ್ಲ ನಿಮಿಷ ಹಾರಿದರೆ ವಿದ್ಯುತ್ತಿನ ಗದ್ದಲವನ್ನು ಸೋಸುವ ಭಾಗ ಸೊರಗಿದೆ. ಹೀಗೆ ಕಟ್ಟಿದವನ ತಲೆಯೊಳಗೆ ಹೊಕ್ಕು ಅವನ ದಾರಿಯಲ್ಲೇ ನಡೆದು ಹುಡುಕುವುದರಲ್ಲಿರುವ ಸುಖವನ್ನು ನಾನು ಮಾತಿನಲ್ಲಿ ಹೇಳಲಾರೆ. ಎಷ್ಟೋ ಸಲ ಆ ಮನುಷ್ಯನನ್ನು ನಾನು ಕಂಡೇ ಇರುವುದಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಅವನ ಜಾಣತನ, ಜಿಪುಣತನ ಎರಡೂ ಪರಿಚಯವಾಗಿರುತ್ತವೆ.

ಕಡೆಯದಾಗಿ, ಇದೆಲ್ಲ ಏಕೆ ಬೇಕು ಎಂಬ ಪ್ರಶ್ನೆ. ಕಾರ್ಖಾನೆಯಲ್ಲಿ ತಯಾರಾದ ಗಡಿಯಾರಗಳಿಗೆ ದಿಕ್ಕುದೆಸೆಯುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ವಸ್ತುಸಂಗ್ರಹಾಲಯವಿದೆ. ಆ ವಾಚುಗಳನ್ನು ಕೂಡಿಡುವವರ ದೊಡ್ಡ ಬಳಗವೂ ಇದೆ. ಒಂದು ವಾಚು ಹಾಳಾದರೆ ಅದರಂತಹುದೇ ಇನ್ನೊಂದು ಎಲ್ಲಾದರೂ ಇದ್ದೀತು. ಮನೆಯಲ್ಲಿ ಕಟ್ಟಿದ ಗಡಿಯಾರಕ್ಕೆ ಜೋಡಿಯಿಲ್ಲ, ನಕ್ಷೆ ಅಚ್ಚಾಗಿಲ್ಲ, ಹೆಸರೂ ಇಲ್ಲ. ಅದಕ್ಕೆ ಇರುವುದು ನೀವೊಬ್ಬರೇ. ನಮ್ಮ ನಾಡು ಸಾಫ್ಟ್‌ವೇರಿನಿಂದ ಹೆಸರಾಗುವುದಕ್ಕೆ ಎಷ್ಟೋ ಮುಂಚೆ, ಯಾರೂ ಕಲಿಸದೆ, ಯಾವ ಸರ್ಟಿಫಿಕೇಟಿನ ಆಸೆಯೂ ಇಲ್ಲದೆ, ಸಂಬಳ ಉಳಿಸಿ ಐಸಿ ಕೊಂಡು ರಾತ್ರಿಯೆಲ್ಲ ಕೂತು ಕಲಿತ ಒಂದು ತಲೆಮಾರು ಇತ್ತೆಂಬುದಕ್ಕೆ ಉಳಿದಿರುವ ಸಾಕ್ಷಿಗಳಲ್ಲಿ ಇವೂ ಸೇರಿವೆ. ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುವ ಭರಾಟೆಯಲ್ಲಿ, ತೂಕಕ್ಕೆ ಹಾಕಿದ ತಗಡಿನ ಜೊತೆ ಈ ಸಾಕ್ಷಿಗಳು ಗುಜರಿ ಗಾಡಿ ಏರುತ್ತಿವೆ.

ಆದುದರಿಂದ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಅಂತಹ ಪೆಟ್ಟಿಗೆ ಕಂಡರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಪೆನ್ಸಿಲಿನಲ್ಲಿ ಬರೆದ ತಾರೀಕು, ಮಡಿಸಿಟ್ಟ ನಕ್ಷೆ, ಅಂಗಡಿಯ ರಸೀತಿ ಇರಬಹುದು. ಅವನ್ನು ಅಲ್ಲಿಯೇ ಇರಿಸಿ. ಕಟ್ಟಿದವರು ಬದುಕಿದ್ದರೆ ಇಂದೇ ಹೋಗಿ ಅವರ ಪಕ್ಕದಲ್ಲಿ ಕುಳಿತು ಕೇಳಿ: ಯಾವಾಗ ಕಟ್ಟಿದಿರಿ, ಎಲ್ಲಿ ಕೊಂಡಿರಿ, ಮೊದಲ ಸಲ ಹೊತ್ತಿಕೊಂಡಾಗ ಮನೆಯಲ್ಲಿ ಯಾರಿದ್ದರು? ಅವರು ಹೇಳಿದ್ದನ್ನು ಬರೆದು ಪೆಟ್ಟಿಗೆಯೊಳಗಿಡಿ. ಗಡಿಯಾರ ನಡೆಯದೇ ಹೋದರೂ ಚಿಂತೆಯಿಲ್ಲ. ದುರಸ್ತಿ ನಾಳೆ ಮಾಡಬಹುದು. ಕೇಳುವ ಕೆಲಸವನ್ನು ನಾಳೆಗೆ ಇಡಲಾಗದು. ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ, ತರಗತಿಯಲ್ಲಿ ಕೈಯೆತ್ತುತ್ತಿದ್ದಂತೆಯೇ ಧಾರಾಳವಾಗಿ ಬರೆದು ತಿಳಿಸಿ. ಓದಿ ಉತ್ತರಿಸುತ್ತೇನೆ.

ಎಲ್ಲರಿಗೂ ಒಳಿತಾಗಲಿ.